ಗಾಡಿ ಹೋಗುವಷ್ಟು ಬೀದಿ

ಅಗ್ನಿಶಾಮಕ ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ, ಒಂದು ದಿನ ಮನೆ ಖಾಲಿ ಮಾಡಬೇಕು ಅನ್ನುವುದು ಗೊತ್ತಿಲ್ಲದ್ದೇನಲ್ಲ. ಗಂಡ ಕೆಲಸಕ್ಕೆ ಸೇರಿದ ದಿನವೇ ನಿವೃತ್ತಿಯ ತಾರೀಕನ್ನೂ ಬರೆದಿಟ್ಟುಕೊಂಡ ಇಲಾಖೆ ಅದು. ಆದರೂ ಆ ತಾರೀಕು ನಾಲ್ಕು ತಿಂಗಳ ಹತ್ತಿರ ಬಂದು ನಿಂತಾಗ, ನಿನ್ನೆ ಬಟ್ಟೆ ಕೊಟ್ಟವರು ಇವತ್ತೇ ಬೇಕು ಅಂತ ಬಾಗಿಲು ತಟ್ಟಿದ ಹಾಗಾಯಿತು ಅವಳಿಗೆ.

ಠಾಣೆಯಲ್ಲಿ ಎಲ್ಲರೂ ಅವಳನ್ನು ಟೈಲರಮ್ಮ ಅನ್ನುತ್ತಿದ್ದರು. ಹರಿದ ಖಾಕಿ ಜೇಬಿನಿಂದ ಹಿಡಿದು ಸಾಹೇಬರ ಮನೆಯ ಪರದೆಯ ತನಕ ಎಲ್ಲಕ್ಕೂ ಅವಳದೇ ಸೂಜಿ. ಗಂಡ ಠಾಣೆಯ ಹಿರಿಯ ಡ್ರೈವರು. ಮೂವತ್ತೆರಡು ವರ್ಷ ಬೆಂಕಿ ಆರಿಸುವ ಕೆಂಪು ಗಾಡಿ ಓಡಿಸಿದವರು. ಸ್ವಂತ ಮನೆ ಅಂತ ಇರಲಿಲ್ಲ. ಉಳಿದದ್ದನ್ನೆಲ್ಲ ಮಗಳ ಓದಿಗೆ, ಅತ್ತೆಯ ಕಾಯಿಲೆಗೆ ಸುರಿದಾಗಿತ್ತು. ಅದಕ್ಕೆ ಇಬ್ಬರಿಗೂ ಬೇಸರವಿರಲಿಲ್ಲ. ಆದರೆ ಬರೀ ಪಿಂಚಣಿ ಹಿಡಿದುಕೊಂಡು ಈ ಮಹಾನಗರದಲ್ಲಿ ಬಾಡಿಗೆ ಕಟ್ಟುವುದೆಂದರೆ ಮೂಗಿಗಿಂತ ಮೂಗುತಿ ಭಾರ.

“ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ,” ಅಂದಳು ಟೈಲರಮ್ಮ. “ಯಾವುದಾದ್ರೂ ಚಿಕ್ಕ ಊರು ಹುಡುಕೋಣ. ಬಾಡಿಗೆ ಕಮ್ಮಿ ಇರ್ಬೇಕು. ಹತ್ರದಲ್ಲೇ ಆಸ್ಪತ್ರೆ ಇರ್ಬೇಕು. ನನ್ನ ಮಂಡಿಗೆ ಮೆಟ್ಟಿಲು ಆಗಲ್ಲ. ಹೆಂಗಸೊಬ್ಬಳು ಸಂಜೆ ಹೊರಗೆ ಹೋಗಿ ಬಂದ್ರೆ ಎದೆ ಹೊಡ್ಕೋಬಾರದು.”

“ಗಾಡಿ ಬಾಗಿಲ ತನಕ ಬರ್ಬೇಕು,” ಅಂದರು ಡ್ರೈವರು.

“ಯಾವ ಗಾಡಿ?”

“ನಮ್ಮ ಗಾಡಿ.”

ಅಲ್ಲಿಗೆ ಶುರುವಾಯಿತು. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಒಂದು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಬೆಟ್ಟದ ಮೇಲಿನ ಒಂದು ಊರು ಬಹಳ ಅಗ್ಗ ಅಂತ ಯಾರೋ ಹೇಳಿದ್ದರು. ಅಗ್ಗವೇನೋ ನಿಜ, ಆದರೆ ತೋರಿಸಿದ ಮನೆಗೆ ರಸ್ತೆಯಿಂದ ಅರವತ್ತೆಂಟು ಮೆಟ್ಟಿಲು. ಟೈಲರಮ್ಮ ಇಪ್ಪತ್ತಕ್ಕೇ ಕೂತಳು. ಡ್ರೈವರು ಮೇಲೆ ಹೋಗಿ ನೋಡಿ ಬಂದು, “ಇಲ್ಲಿ ಬೆಂಕಿ ಬಿದ್ರೆ ಚೊಂಬಲ್ಲೇ ನೀರು ಹೊರ್ಬೇಕು,” ಅಂದರು. ಇನ್ನೊಂದು ಊರಿನಲ್ಲಿ ಮನೆ ಚೆನ್ನಾಗಿತ್ತು, ಬೀದಿಯೂ ಅಗಲ. ಆದರೆ ಕತ್ತಲಾಗುವ ಮೊದಲೇ ಅಂಗಡಿಯವರೆಲ್ಲ ದಡಬಡ ಬಾಗಿಲು ಎಳೆಯುವುದನ್ನು ನೋಡಿ ಟೈಲರಮ್ಮನೇ ಬೇಡವೆಂದಳು.

ಅವಳ ತಮ್ಮ ನಿವೇಶನ ಮಾರುವ ದಲ್ಲಾಳಿ. “ಅಕ್ಕಾ, ಸುತ್ತ ಗೋಡೆ, ಗೇಟಿಗೆ ಕಾವಲು, ಒಂದು ನೊಣ ಒಳಗೆ ಬರಲ್ಲ,” ಅಂತ ಊರಾಚೆ ಕರೆದುಕೊಂಡು ಹೋಗಿ ತನ್ನ ಹೊಸ ಬಡಾವಣೆ ತೋರಿಸಿದ. ಡ್ರೈವರು ಗೇಟಿನ ಮೇಲಿನ ಕಮಾನನ್ನು ಕತ್ತೆತ್ತಿ ನೋಡಿದರು. “ಒಂಬತ್ತು ಅಡಿ ಎತ್ತರ. ನಮ್ಮ ಏಣಿ ಸಿಕ್ಕಾಕೊಳ್ಳುತ್ತೆ. ನೊಣ ಬರಲ್ಲ ಸರಿ, ನಾವೂ ಬರೋಕಾಗಲ್ಲ.” ತಮ್ಮನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. “ಭಾವಂದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು,” ಅಂತ ಗೊಣಗಿಕೊಂಡೇ ವಾಪಸು ಬಿಟ್ಟುಹೋದ.

ಮಗಳು ಫೋನು ಮಾಡಿ, “ಇಲ್ಲೇ ಬನ್ನಿ ಅಮ್ಮ, ನಮ್ಮ ಕಟ್ಟಡದಲ್ಲೇ ಒಂದು ಚಿಕ್ಕ ಮನೆ ಖಾಲಿ ಇದೆ. ಅರ್ಧ ಬಾಡಿಗೆ ನಾವು ಕಟ್ತೀವಿ,” ಅಂದಳು.

“ಎಷ್ಟನೇ ಮಹಡಿ?” ಪಕ್ಕದಿಂದಲೇ ಕೇಳಿದರು ಡ್ರೈವರು.

“ಹದಿನಾಲ್ಕು.”

“ಏಣಿ ಹತ್ತರ ತನಕ ಮುಟ್ಟುತ್ತೆ ಅಂತ ಹೇಳು ಅವಳಿಗೆ. ಮಿಕ್ಕ ನಾಲ್ಕು ಮಹಡಿ ನಾನು ಹಾರಬೇಕಾಗುತ್ತೆ.”

ಮಗಳು ನಕ್ಕಳು, ಟೈಲರಮ್ಮನೂ ನಕ್ಕಳು. ಆದರೆ ಗಂಡನ ಈ ಪಟ್ಟನ್ನು ಅವಳು ಒಳಗೊಳಗೆ ಯಾವತ್ತೂ ತಮಾಷೆ ಅಂದುಕೊಂಡವಳಲ್ಲ. ಮದುವೆಯಾಗಿ ಹತ್ತು ವರ್ಷಕ್ಕೋ ಏನೋ, ಒಂದು ಮಟಮಟ ಮಧ್ಯಾಹ್ನ ಅವರು ಕರೆಗೆ ಹೋಗಿ ಬಂದು, ಬೂಟು ಬಿಚ್ಚದೆ ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಯಾವುದೋ ಇಕ್ಕಟ್ಟು ಓಣಿ. ಬಾಯಲ್ಲಿ ಒಂದು ತುಂಡುಗೋಡೆ. ಗಾಡಿ ಹೊರಗೇ ನಿಂತಿತು. ಹುಡುಗರು ಪೈಪು ಹೊತ್ತು ಓಡಿದರು. ಅಷ್ಟರಲ್ಲಿ ಆ ಮನೆಯ ಮುದುಕಿ ಹೋಗಿಬಿಟ್ಟಿದ್ದಳು. “ನಾನು ಕೂತಲ್ಲಿಂದ ಅವಳ ಕಿಟಕಿ ಕಾಣ್ತಿತ್ತು ಕಣೇ,” ಅಂದಿದ್ದರು. ಆಮೇಲೆ ಆ ಮಾತು ಎತ್ತಿದವರಲ್ಲ. ಅವಳೂ ಕೆದಕಿದವಳಲ್ಲ. ಆದರೆ ಅಂದಿನಿಂದ ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಬೀದಿಯ ಬಾಯಿಗೆ ಹೋಗುತ್ತದೆ ಅನ್ನುವುದನ್ನು ಅವಳು ಬಲ್ಲಳು.

ಹೀಗೆ ಏಳು ಊರು ನೋಡಿ, ಏಳನ್ನೂ ಬಿಟ್ಟು ವಾಪಸು ಬರುವಾಗ ಒಂದು ಸಂಜೆ ಅವರಿಗೆ ನಡುದಾರಿಯ ಬಸ್ಸು ತಪ್ಪಿಹೋಯಿತು. ಮುಂದಿನ ಬಸ್ಸಿಗೆ ಮೂರು ಗಂಟೆ. ಇಳಿದದ್ದು ಯಾರೂ ಹೆಸರು ಹಿಡಿದು ಹೇಳದ ಒಂದು ಊರಿನಲ್ಲಿ. ನೋಡಲೇಬೇಕು ಅನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ನೆಲ ಮಾತ್ರ ಅಂಗೈಯಷ್ಟು ಸಮತಟ್ಟು. ನಿಲ್ದಾಣದ ಎದುರಿಗೇ ಸರ್ಕಾರಿ ಆಸ್ಪತ್ರೆ. ಅದರ ಕಿಟಕಿಯ ಗಾಜುಗಳೆಲ್ಲ ಒರೆಸಿದ್ದವು. ಟೈಲರಮ್ಮ ಅದನ್ನು ಗಮನಿಸಿದಳು. ಗಾಜು ಒರೆಸುವವರಿರುವ ಆಸ್ಪತ್ರೆಯಲ್ಲಿ ನರ್ಸುಗಳೂ ಇರುತ್ತಾರೆ ಅನ್ನುವುದು ಅವಳ ಲೆಕ್ಕ.

“ಸ್ವಲ್ಪ ಕಾಲಾಡಿಸಿ ಬರ್ತೀನಿ,” ಅಂತ ಹೊರಟಳು. ಪೇಟೆ ಬೀದಿಯಲ್ಲಿ ಗುಂಡಿ-ದಾರದ ಅಂಗಡಿಯೊಂದು ತೆರೆದೇ ಇತ್ತು. ಗಲ್ಲಾದಲ್ಲಿ ಯಾರೂ ಇಲ್ಲ. ಅವಳು ಕಾದಳು. ಪಕ್ಕದ ಅಂಗಡಿಯವಳು ಇಣುಕಿ, “ಅವರು ಕಾಫಿಗೆ ಹೋಗಿದಾರೆ. ಏನು ಬೇಕೋ ತಗೊಂಡು ದುಡ್ಡು ಆ ಡಬ್ಬಿಗೆ ಹಾಕಿ,” ಅಂದಳು. ಬೀದಿಬೀದಿಯಲ್ಲೂ ವಯಸ್ಸಾದ ಹೆಂಗಸರು ಮಡಚುವ ಕುರ್ಚಿ ಹಾಕಿಕೊಂಡು ಬಾಗಿಲ ಹೊರಗೆ ಕೂತಿದ್ದರು. ಟ್ಯೂಷನ್ ಮುಗಿಸಿದ ಹುಡುಗಿಯರು ಸೈಕಲ್ಲಿನಲ್ಲಿ, ಹಿಂದೆ ಮುಂದೆ ನೋಡದೆ, ಜೋರಾಗಿ ಮಾತಾಡುತ್ತಾ ಹೋಗುತ್ತಿದ್ದರು. ನಲವತ್ತು ಹೆಜ್ಜೆ ನಡೆದ ಮೇಲೆ ಟೈಲರಮ್ಮನಿಗೆ ತಿಳಿಯಿತು, ತಾನು ಚೀಲವನ್ನು ಎದೆಗೆ ಅವಚಿ ಹಿಡಿದಿಲ್ಲ ಅಂತ.

ಪೇಟೆಯಿಂದ ಒಡೆದ ಒಂದು ಓಣಿಯಲ್ಲಿ ಬಾಡಿಗೆಗೆ ಇದೆ ಅನ್ನುವ ಹಲಗೆ ಕಂಡಿತು. ಮನೆಯೊಡತಿ ನಿವೃತ್ತ ಗಣಿತದ ಟೀಚರು. ಓಣಿಯವರ ಬಾಯಲ್ಲಿ ಟೀಚರಮ್ಮ. ಅವರದು ಹಿಂದಿನ ಭಾಗ, ಬಾಡಿಗೆಗೆ ಮುಂದಿನದು. ಎರಡು ಕೋಣೆ, ಅಡುಗೆಮನೆ, ಉತ್ತರದ ಬೆಳಕು ಬೀಳುವ ಅಗಲವಾದ ಕಿಟಕಿ. ಆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟರೆ ಮಧ್ಯಾಹ್ನ ನಾಲ್ಕರ ತನಕ ದೀಪ ಹಾಕಬೇಕಿಲ್ಲ. ಟೀಚರಮ್ಮ ಹೇಳಿದ ಬಾಡಿಗೆ ಕೇಳಿ ಅವಳು ತಪ್ಪು ಕೇಳಿಸಿತೇನೋ ಅಂತ ಇನ್ನೊಮ್ಮೆ ಕೇಳಿದಳು.

ಅವಸರ ಅವಸರವಾಗಿ ಹೋಗಿ ಗಂಡನನ್ನು ಕರೆತಂದಳು. ಡ್ರೈವರು ಮನೆಯ ತನಕ ಬರಲೇ ಇಲ್ಲ. ಓಣಿಯ ಬಾಯಲ್ಲೇ ನಿಂತುಬಿಟ್ಟರು. ಎಡಕ್ಕೆ ಪುರಸಭೆಯವರು ನೆಟ್ಟ ಒಂದು ಕಲ್ಲುಗೂಟ. ಬಲಕ್ಕೆ ಇಸ್ತ್ರಿ ಅಂಗಡಿಯ ಸಿಮೆಂಟಿನ ಮೆಟ್ಟಿಲು, ಬೀದಿಗೆ ಮೂಗು ಚಾಚಿಕೊಂಡು.

“ಇಲ್ಲ,” ಅಂದರು.

“ಮನೆಯಾದ್ರೂ ನೋಡಿ.”

“ಮನೆ ಚಿನ್ನದ್ದೇ ಇರ್ಲಿ. ಗಾಡಿ ಬರಲ್ಲ.”

“ಊರಲ್ಲಿ ಗಾಡಿ ಇದೆಯಾ?”

“ಬರ್ತಾ ಹೆದ್ದಾರಿ ಪಕ್ಕ ಠಾಣೆ ನೋಡಿದೆ. ನಾಲ್ಕು ನಿಮಿಷದ ದಾರಿ. ನಾಲ್ಕು ನಿಮಿಷದಲ್ಲಿ ಬಂದು ಇಲ್ಲಿ ನಿಂತ್ಕೊಂಡು ಏನು ಮಾಡೋದು?”

ಟೈಲರಮ್ಮ ಜಗಳಕ್ಕೆ ನಿಲ್ಲಲಿಲ್ಲ. ಕುತ್ತಿಗೆಯಿಂದ ಟೇಪು ತೆಗೆದಳು. ಬಸ್ಸಿನಲ್ಲೂ ಅದು ಅವಳ ಕುತ್ತಿಗೆಯಲ್ಲೇ ಇರುತ್ತಿತ್ತು. ತೆಗೆದಿಡಬೇಕೆಂದು ನೆನಪಾಗುತ್ತಲೇ ಇರಲಿಲ್ಲ. “ಒಂದು ತುದಿ ಹಿಡ್ಕೊಳ್ಳಿ,” ಅಂದಳು. ಐದಡಿಯ ಟೇಪು, ಗುರುತು ಹಾಕಿಕೊಳ್ಳುತ್ತಾ ಅಳೆದರು. ಮನೆಗಳ ನಡುವೆ ಓಣಿ ಹನ್ನೆರಡು ಅಡಿ. ಬಾಯಲ್ಲಿ ಮಾತ್ರ, ಗೂಟಕ್ಕೂ ಮೆಟ್ಟಿಲಿಗೂ ನಡುವೆ, ಏಳೂವರೆ.

“ಎಷ್ಟಿದ್ರೆ ಒಪ್ತೀರಿ?”

“ಗಾಡಿ ಎಂಟಡಿ. ಪೇಟೆಯಿಂದ ತಿರುಗಬೇಕಲ್ಲ... ಹನ್ನೊಂದಾದ್ರೂ ಬೇಕು.”

“ಹನ್ನೊಂದಾದ್ರೆ ಬರ್ತೀರಾ? ಬಾಯಿ ತಪ್ಪಿ ಹೇಳಬೇಡಿ.”

ಡ್ರೈವರು ಅವಳ ಮುಖ ನೋಡಿದರು. “ಗಾಡಿ ಬಂದ್ರೆ ನಾನೂ ಬರ್ತೀನಿ,” ಅಂದರು. ಅದು ಆಗದ ಹೋಗದ ಮಾತು ಅನ್ನುವ ಧೈರ್ಯ ಅವರದು.

ಮುಂದಿನ ವಾರ ಟೈಲರಮ್ಮ ಒಬ್ಬಳೇ ಬಂದಳು. ಹತ್ತು ದಿನಕ್ಕೆ ಅಂತ ಟೀಚರಮ್ಮನ ಮುಂದಿನ ಕೋಣೆ ಹಿಡಿದಳು. ಮಗಳು ಗಾಬರಿಯಾಗಿ, “ಅಮ್ಮ, ಅಪ್ಪನ ಹತ್ರ ಜಗಳಾನಾ?” ಅಂದಳು. “ಜಗಳ ಯಾಕೆ? ಅಳತೆ ಕೊಟ್ಟಿದಾರೆ. ಹೊಲೀತಾ ಇದೀನಿ,” ಅಂದಳು ಟೈಲರಮ್ಮ.

ಮೊದಲು ಇಸ್ತ್ರಿ ಅಂಗಡಿಗೆ ಹೋದಳು. ಅಂಗಡಿಯವನನ್ನು ಇಡೀ ಓಣಿ ಇಸ್ತ್ರಿಯಣ್ಣ ಅನ್ನುತ್ತಿತ್ತು. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದೇ ವಯಸ್ಸು ಐವತ್ತು ದಾಟಿದವನು. ಮಾತೂ ಹಾಗೇ, ಬಿಸಿ. ಮೆಟ್ಟಿಲಿನ ವಿಷಯ ಎತ್ತುತ್ತಿದ್ದಂತೆ ಪೆಟ್ಟಿಗೆಯನ್ನು ಧಡ್ ಅಂತ ಇಟ್ಟ.

“ಅಕ್ಕಾ, ನೀವು ಊರಿಗೆ ಬಂದು ಎರಡು ದಿನ ಆಗಿಲ್ಲ, ಆಗ್ಲೇ ನನ್ನ ಮೆಟ್ಟಿಲು ಒಡೀಬೇಕಾ? ಮಳೆ ಬಂದ್ರೆ ಪೇಟೆ ನೀರೆಲ್ಲ ಈ ಕಡೆಗೇ. ಈ ಮೆಟ್ಟಿಲು ಇರೋದ್ರಿಂದ ಬಟ್ಟೆ ಉಳಿದಿದೆ. ಒದ್ದೆ ಆದ್ರೆ ನಿಮ್ಮ ಗಾಡಿಯವ್ರು ಬಂದು ಒಣಗಿಸ್ತಾರಾ?”

ಮಾತಿನಲ್ಲಿ ನ್ಯಾಯವಿತ್ತು. ಟೈಲರಮ್ಮ ಸುಮ್ಮನೆ ಎದ್ದು ಬಂದಳು. ಅಲ್ಲಿಂದ ಪುರಸಭೆಗೆ ಹೋದಳು. ಮುಖ್ಯಾಧಿಕಾರಿ ಕನ್ನಡಕ ಹಣೆಗೇರಿಸಿಕೊಂಡು ಹೇಳಿದರು: ಒಂಬತ್ತು ವರ್ಷದ ಹಿಂದೆ ಒಂದು ಲಾರಿ ಓಣಿಗೆ ನುಗ್ಗಿ ಎರಡು ಮನೆಯ ಗೋಡೆ ಬೀಳಿಸಿತ್ತು, ಓಣಿಯವರೇ ಅರ್ಜಿ ಕೊಟ್ಟು ಗೂಟ ಹಾಕಿಸಿಕೊಂಡರು, ಈಗ ತೆಗೆದರೆ ಮತ್ತೆ ಲಾರಿ ಬರುತ್ತದೆ. ಅದರಲ್ಲೂ ನ್ಯಾಯವಿತ್ತು. ಎರಡು ಕಡೆ ಎರಡು ನ್ಯಾಯ, ನಡುವೆ ಏಳೂವರೆ ಅಡಿ.

ಅವತ್ತು ಓಣಿಯ ಹೆಂಗಸರ ಕುರ್ಚಿಗಳ ನಡುವೆ ಅವಳದೂ ಒಂದು ಕುರ್ಚಿ ಬಿತ್ತು. “ಇದ್ದಷ್ಟು ದಿನ ಸುಖವಾಗಿ ಇದ್ದು ಹೋಗೋದು ಬಿಟ್ಟು ಇವ್ರಿಗ್ಯಾಕೆ ಊರ ಉಸಾಬರಿ?” ಅಂದಳು ಎದುರುಮನೆಯ ಅಜ್ಜಿ, ಅವಳಿಗೆ ಕೇಳಿಸಲಿ ಅಂತಲೇ.

“ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?” ಅಂದರು ಟೀಚರಮ್ಮ. ಆಮೇಲೆ ಟೈಲರಮ್ಮನ ಕಡೆ ತಿರುಗಿ, “ನಿಮ್ಮ ಯಜಮಾನ್ರು ಯಾಕಿಷ್ಟು ಹಟ?” ಅಂತ ಕೇಳಿದರು.

ಟೈಲರಮ್ಮ ಹೇಳಬಾರದು ಅಂದುಕೊಂಡಿದ್ದಳು. ಆದರೆ ಸುತ್ತ ಕೂತಿದ್ದ ಆರು ಜನರಲ್ಲಿ ನಾಲ್ವರಿಗೆ ಎಪ್ಪತ್ತು ದಾಟಿತ್ತು, ಇಬ್ಬರಿಗೆ ಕೋಲಿಲ್ಲದೆ ಏಳಲಾಗುತ್ತಿರಲಿಲ್ಲ. ಹೇಳಿದಳು. ಆ ಮಧ್ಯಾಹ್ನ, ಆ ತುಂಡುಗೋಡೆ, ಆ ಕಿಟಕಿ. ಎದುರುಮನೆಯ ಅಜ್ಜಿ ತನ್ನ ಮನೆಯ ಕಿಟಕಿಯನ್ನೊಮ್ಮೆ, ಓಣಿಯ ಬಾಯನ್ನೊಮ್ಮೆ ನೋಡಿದಳು. ಆಮೇಲೆ, “ನಾಳೆ ಪುರಸಭೆಗೆ ಎಷ್ಟೊತ್ತಿಗೆ ಹೋಗೋದು?” ಅಂದಳು.

ಇಸ್ತ್ರಿಯಣ್ಣ ಮಾತ್ರ ಜಗ್ಗಲಿಲ್ಲ. ಆದರೆ ನಾಲ್ಕನೇ ದಿನ ಬೆಳಿಗ್ಗೆ ಅವನೇ ಟೀಚರಮ್ಮನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬ್ಯಾಂಕಿನ ಮ್ಯಾನೇಜರರ ಬಿಳಿ ಅಂಗಿ. ಕಾಲರಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕಂದು ಬಣ್ಣದ ಸುಟ್ಟ ಕಲೆ.

“ಹನ್ನೊಂದು ಗಂಟೆಗೆ ಅವರ ಮೇಲಿನವರು ಬರ್ತಾರಂತೆ ಅಕ್ಕಾ. ಹೊಸದು ತರೋಣ ಅಂದ್ರೆ ಇದೇ ಅಂಗಿ ಬೇಕಂತೆ ಅವರಿಗೆ. ಮೂವತ್ತು ವರ್ಷದಲ್ಲಿ ಒಂದು ಅಂಗಿ ಸುಟ್ಟಿದ್ದಿಲ್ಲ. ನಿನ್ನೆ ನಿಮ್ಮ ಹೆಂಗಸರೆಲ್ಲ ನನ್ನ ಮೆಟ್ಟಿಲನ್ನೇ ದುರುಗುಟ್ಟಿ ನೋಡ್ತಾ ಹೋದ್ರಲ್ಲ, ಅದಕ್ಕೇ ಕೈ ತಪ್ಪಿದ್ದು.”

ಟೈಲರಮ್ಮ ಅಂಗಿ ತಿರುಗಿಸಿ ನೋಡಿದಳು. ಟೀಚರಮ್ಮನ ಅಟ್ಟದಲ್ಲಿ ಕೈಯಲ್ಲಿ ತಿರುಗಿಸುವ ಹಳೆಯ ಯಂತ್ರವೊಂದಿತ್ತು. ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಕಾಲರಿನ ಹೊಲಿಗೆ ಬಿಚ್ಚಿ, ಕಲೆಯ ಮುಖ ಒಳಗೆ ಮಾಡಿ, ಒಳಗಿನ ಹೊಸಾ ಬಿಳಿ ಹೊರಗೆ ತಿರುಗಿಸಿ ಕೂಡಿಸಿದಳು. ಮುಕ್ಕಾಲು ಗಂಟೆಯ ಕೆಲಸ. ಅಂಗಿ ಹೊಸದರ ಹಾಗಾಯಿತು. ಇಸ್ತ್ರಿಯಣ್ಣ ಕಾಲರನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ.

“ಎಷ್ಟು ಕೊಡ್ಲಿ?”

“ಏನೂ ಬೇಡ. ಒಂದು ಮಾತು ಕೇಳಿ ಸಾಕು. ಮಳೆ ನೀರು ತಡೀತಾ ಇರೋದು ನಿಮ್ಮ ಮೆಟ್ಟಿಲಿನ ಉದ್ದ ಅಲ್ಲ ಅಣ್ಣಾ, ಅದರ ಎತ್ತರ. ಅಷ್ಟೇ ಎತ್ತರಕ್ಕೆ ಬಾಗಿಲಲ್ಲೇ ಹೊಸ್ತಿಲು ಕಟ್ಟಿ, ಹತ್ತಿ ಇಳಿಯೋ ಮೆಟ್ಟಿಲನ್ನ ಅಂಗಡಿ ಒಳಗೆ ತಗೊಳ್ಳಿ. ಈಗ ಕಾಲರ್ ಮಾಡಿದ್ನಲ್ಲ, ಹಾಗೇ. ಹೊರಗಿದ್ದದ್ದು ಒಳಗೆ. ನಿಮಗೂ ನೀರು ಬರಲ್ಲ, ಬೀದಿಗೂ ಜಾಗ ಆಗುತ್ತೆ.”

ಇಸ್ತ್ರಿಯಣ್ಣ ತಲೆ ಕೆರೆದುಕೊಂಡ. ಹೋಗಿ ತನ್ನ ಮೆಟ್ಟಿಲಿನ ಮುಂದೆ ನಿಂತ, ಒಳಗೆ ಹೋದ, ಹೊರಗೆ ಬಂದ. ಮಧ್ಯಾಹ್ನ ಮತ್ತೆ ಬಂದು, “ಗಾರೆಯವನು ನನ್ನ ಷಡ್ಡಕ. ಭಾನುವಾರ ಬರೋಕೆ ಹೇಳಿದೀನಿ,” ಅಂದ.

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಅನ್ನುತ್ತಾರೆ. ಯಾರದೋ ಮನೆಯಲ್ಲಿ ಮಿಕ್ಕಿದ ಅರ್ಧ ಮೂಟೆ ಸಿಮೆಂಟು ಬಂತು, ಯಾರೋ ಮರಳು ತಂದು ಸುರಿದರು, ಟೀಚರಮ್ಮ ಎಲ್ಲರಿಗೂ ಊಟ ಹಾಕಿದರು. ಮೂವತ್ತು ವರ್ಷದ ಮೆಟ್ಟಿಲು ಒಂದೇ ಬೆಳಿಗ್ಗೆಗೆ ಮಾಯವಾಯಿತು.

ಪುರಸಭೆ ಅಷ್ಟು ಬೇಗ ಬಗ್ಗಲಿಲ್ಲ. ಎರಡು ಸಲ ನಾಳೆ ಬನ್ನಿ ಆಯಿತು. ಮೂರನೇ ಸಲ ಓಣಿಯ ಹದಿನಾರು ಜನ ಒಟ್ಟಿಗೆ ಹೋದರು, ಕೋಲು ಹಿಡಿದವರೇ ಮುಂದೆ. ಕೂರಲು ಅಷ್ಟು ಕುರ್ಚಿ ಇಲ್ಲದೆ ಗುಮಾಸ್ತರು ತಮ್ಮ ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕಾಯಿತು. ಕೆಲಸ ಎಲ್ಲಿ ನಡೆಯುತ್ತದೆ, ಇಡೀ ಕಚೇರಿ ನಿಂತಿತ್ತು. ಮುಖ್ಯಾಧಿಕಾರಿ ತಾವೇ ಹೊರಗೆ ಬಂದರು.

ಟೈಲರಮ್ಮ ಒಂದು ಕಾಗದದಲ್ಲಿ ಚಿತ್ರ ಬರೆದು ತಂದಿದ್ದಳು. ಕಲ್ಲುಗೂಟದ ಜಾಗದಲ್ಲಿ ಕಿತ್ತು ತೆಗೆಯುವಂಥ ಒಂದು ಕಬ್ಬಿಣದ ಕಂಬ, ಬುಡದಲ್ಲಿ ಬೀಗ. ಕೀಲಿ ಒಂದು ಅಗ್ನಿಶಾಮಕ ಠಾಣೆಯಲ್ಲಿ, ಒಂದು ಇಸ್ತ್ರಿ ಅಂಗಡಿಯಲ್ಲಿ, ಇನ್ನೊಂದು ಟೀಚರಮ್ಮನ ಮನೆಯಲ್ಲಿ. “ಲಾರಿಗೆ ಕಂಬ ಇರುತ್ತೆ ಸರ್. ಗಾಡಿ ಬಂದಾಗ ಇರಲ್ಲ.”

ಮುಖ್ಯಾಧಿಕಾರಿ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅರ್ಜಿ ಬರೆದುಕೊಳ್ಳಲು ಪೆನ್ನು ತೆಗೆದು, “ನಿಮ್ಮ ಮನೆ ನಂಬರು?” ಅಂದರು.

“ನನಗಿನ್ನೂ ಈ ಊರಲ್ಲಿ ಮನೆ ಇಲ್ಲ ಸರ್. ಈ ಕಂಬ ಆದ್ರೆ ಆಗುತ್ತೆ.”

ಅವರು ಕನ್ನಡಕ ಇಳಿಸಿಕೊಂಡರು. “ಇಪ್ಪತ್ತು ವರ್ಷ ನೌಕರಿ ಮಾಡಿದೀನಮ್ಮ. ಇದ್ದೋರು ಬಂದು ನಮ್ಮನ್ನ ಬಯ್ಯೋದು ನೋಡಿದೀನಿ. ಬರೋಕೆ ಮುಂಚೆನೇ ಬೀದಿ ಸರಿ ಮಾಡೋರನ್ನ ನೋಡಿದ್ದಿಲ್ಲ,” ಅಂದು ಅಲ್ಲೇ ಸಹಿ ಹಾಕಿದರು.

ಹತ್ತು ದಿನ ಅಂತ ಬಂದವಳು ಇಪ್ಪತ್ತಮೂರು ದಿನ ಉಳಿದಳು. ಇಪ್ಪತ್ತಮೂರನೆಯ ದಿನ ವೆಲ್ಡಿಂಗಿನವನು ಕಂಬ ಕೂರಿಸಿ ಹೋದ ಮೇಲೆ, ಅದನ್ನು ಕೀಳಿಸಿ, ಟೇಪಿನ ಒಂದು ತುದಿ ಇಸ್ತ್ರಿಯಣ್ಣನ ಕೈಗೆ ಕೊಟ್ಟು ಅಳೆದಳು. ಗಂಡನಿಗೆ ಫೋನು ಮಾಡಿದಳು.

“ಹನ್ನೊಂದು ಅಡಿ ಎರಡು ಅಂಗುಲ.”

“ನಿನ್ನ ಟೇಪು ಹಳೇದು. ಎಳೆದ್ರೆ ಹಿಗ್ಗುತ್ತೆ,” ಅಂದರು.

“ಹಾಗಾದ್ರೆ ಗಾಡಿಯಲ್ಲೇ ಅಳೀರಿ,” ಅಂದಳು.

ಅವರ ಸೇವೆ ಮುಗಿಯಲು ಇನ್ನು ಹತ್ತೊಂಬತ್ತು ದಿನವಿತ್ತು. ಆ ಊರಿನ ಠಾಣಾಧಿಕಾರಿ ಒಂದು ಕಾಲಕ್ಕೆ ಇದೇ ಡ್ರೈವರ ಪಕ್ಕದಲ್ಲಿ ಕೂತು ಸ್ಟೇರಿಂಗ್ ಹಿಡಿಯುವುದನ್ನು ಕಲಿತವನು. ವಿಷಯ ತಿಳಿದದ್ದೇ ಮೇಲಿನವರಿಗೆ ಬರೆದು, ಅಣಕು ಕಾರ್ಯಾಚರಣೆ ಅಂತ ಅಪ್ಪಣೆ ತಂದ. “ಗುರುಗಳೇ, ಗಾಡಿ ನೀವೇ ತರಬೇಕು. ನಮ್ಮ ಹುಡುಗನಿಗೆ ಆ ತಿರುವು ನೋಡಿದ್ರೆ ಎದೆ ನಡುಗುತ್ತೆ,” ಅಂದ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಇಡೀ ಪೇಟೆ ಓಣಿಯ ಬಾಯಿಗೆ ಬಂದು ನಿಂತಿತ್ತು. ಮಗಳು, ಅಳಿಯ ಹಿಂದಿನ ದಿನವೇ ಬಂದಿದ್ದರು. ತಮ್ಮನೂ ಬಂದಿದ್ದ, ಆಗುವುದಿಲ್ಲ ಅನ್ನುವುದನ್ನು ಕಣ್ಣಾರೆ ನೋಡಿ ಹೋಗಲು. ಟೈಲರಮ್ಮ ಟೀಚರಮ್ಮನ ಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಓಣಿಯ ಬಾಯಿ ಅಲ್ಲಿಂದ ನೇರ ಕಾಣುತ್ತಿತ್ತು.

ಗಂಟೆಯ ಸದ್ದು ಮೊದಲು ಬಂತು. ಇಸ್ತ್ರಿಯಣ್ಣ ಕೀಲಿ ಹಾಕಿ ಕಂಬ ಕಿತ್ತು ಹೆಗಲ ಮೇಲಿಟ್ಟುಕೊಂಡ. ಆಮೇಲೆ ಗಾಡಿಯ ಕೆಂಪು ಮುಖ ಬಂತು, ಓಣಿಯನ್ನೆಲ್ಲ ತುಂಬುವಷ್ಟು ದೊಡ್ಡದಾಗಿ. ಗಾಜಿನ ಹಿಂದೆ ಗಂಡನ ಮುಖ ಬಟಾಣಿಯಷ್ಟು. ಗಾಡಿ ಅರ್ಧ ತಿರುಗಿತು, ನಿಂತಿತು. ಹಿಂದಿನ ಚಕ್ರ ಮೂಲೆಗೋಡೆಗೆ ನಾಲ್ಕು ಬೆರಳು ದೂರ. ಇನ್ನು ಬಂದರೆ ಗೋಡೆ ಉಳಿಯುವುದಿಲ್ಲ. ಗಾಡಿ ಹಿಂದೆ ಸರಿಯಿತು. ಜನರ ಬಾಯಿಂದ ಅಯ್ಯೋ ಅನ್ನುವ ಒಂದೇ ಉಸಿರು ಬಂತು. “ನಾನು ಹೇಳಿರ್ಲಿಲ್ವಾ?” ಅಂದ ತಮ್ಮ.

ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಲ್ಲಿ ಡ್ರೈವರು ಗಾಡಿ ನಿಲ್ಲಿಸಿ ಇಳಿದಿದ್ದರು. ಪೇಟೆಯ ಎದುರು ಬದಿಗೆ ಹೋಗಿ, ನೆಲ ನೋಡಿ, ಓಣಿ ನೋಡಿ, ಅಲ್ಲಿದ್ದ ಎರಡು ಕೈಗಾಡಿಗಳನ್ನು ಸರಿಸಿರೆಂದು ಸನ್ನೆ ಮಾಡಿದರು. ಇಸ್ತ್ರಿಯಣ್ಣ ಕಂಬ ಹೊತ್ತುಕೊಂಡೇ ರಸ್ತೆಯ ನಡುವೆ ನಿಂತು ಬರುವ ಹೋಗುವ ಗಾಡಿಗಳನ್ನು ತಡೆದ. ಡ್ರೈವರು ಮತ್ತೆ ಹತ್ತಿದರು, ಎಡಗನ್ನಡಿ ಮಡಚಿದರು. ಈ ಸಲ ಗಾಡಿಯನ್ನು ಎದುರು ಬದಿಯ ಅಂಚಿನ ತನಕ ಒಯ್ದು, ಅಲ್ಲಿಂದ ನಿಧಾನಕ್ಕೆ, ಸೂಜಿಯ ಕಣ್ಣಿಗೆ ದಾರ ಹಾಕುವವರ ಹಾಗೆ, ಮೂತಿಯನ್ನು ಓರೆಯಾಗಿ ಒಳಗೆ ತಂದರು. ಎಡಕ್ಕೆ ಒಂದು ಗೇಣು. ಬಲಕ್ಕೆ ಅದಕ್ಕಿಂತ ಕೊಂಚ ಹೆಚ್ಚು. ಹಿಂದಿನ ಚಕ್ರ ಮೂಲೆ ದಾಟಿತು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಕಿಟಕಿ, ಮಾಳಿಗೆ, ಜಗಲಿ ಎಲ್ಲೆಲ್ಲೂ ಮುಖಗಳು. ಆ ಮುಖಗಳ ನಡುವೆ ಕೆಂಪು ಗಾಡಿ ಗುರುಗುಟ್ಟುತ್ತಾ ಬಂದು ಟೈಲರಮ್ಮ ನಿಂತಿದ್ದ ಹೊಸ್ತಿಲ ಎದುರಿಗೇ ನಿಂತಿತು. ಅವಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಿದಳು ಕೂಡ. ಬಾನೆಟ್ಟು ಬಿಸಿಯಾಗಿತ್ತು.

ಡ್ರೈವರು ಯಂತ್ರ ಆರಿಸಿದರು. ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು. ಟೈಲರಮ್ಮ ಗಾಡಿಯ ಬಾಗಿಲ ಕೆಳಗೆ ಹೋಗಿ ನಿಂತಳು.

“ಬಂತಲ್ಲ ಕಣೇ,” ಅಂದರು, ಮುಂದೆ ನೋಡುತ್ತಲೇ.

“ಬಂತು.”

“ಬಾಗಿಲ ತನಕ ಬಂತು.”

ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಅವಳು ಹೊತ್ತು ಕೊಟ್ಟಳು. ಅಷ್ಟರಲ್ಲಿ ಯಾರೂ ಹತ್ತಿರ ಬಾರದ ಹಾಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಆಮೇಲೆ ನಡೆದದ್ದು ಅಪ್ಪಣೆ ಪತ್ರದಲ್ಲಿ ಇರಲಿಲ್ಲ. ಠಾಣಾಧಿಕಾರಿ ಪೈಪು ಬಿಚ್ಚಿಸಿ ಆಕಾಶಕ್ಕೆ ನೀರು ಹಾರಿಸಿದ. ಓಣಿಗೆ ಓಣಿಯೇ ತೊಯ್ದು ತೊಪ್ಪೆಯಾಯಿತು. ಟೀಚರಮ್ಮ ಬಯ್ಯುತ್ತಾ ಬಯ್ಯುತ್ತಾ ನೀರಿನೊಳಗೇ ನಿಂತಿದ್ದರು. ಇಸ್ತ್ರಿಯಣ್ಣ ಓಡಿಹೋಗಿ ತನ್ನ ಹೊಸ ಹೊಸ್ತಿಲನ್ನು ಬಗ್ಗಿ ನೋಡಿ, ಒಂದು ಹನಿಯೂ ಒಳಗೆ ಬಂದಿಲ್ಲವೆಂದು ಸಿಕ್ಕಸಿಕ್ಕವರನ್ನೆಲ್ಲ ಕರೆದು ತೋರಿಸಿದ. ತಮ್ಮ ಒದ್ದೆ ಅಂಗಿ ಹಿಂಡಿಕೊಳ್ಳುತ್ತಾ, “ಅಕ್ಕಾ, ಈ ಕಡೆ ಇನ್ನೊಂದು ಎರಡು ಮನೆ ಖಾಲಿ ಇದೆಯಾ? ನನ್ನ ಹತ್ರ ಕೇಳೋರಿದಾರೆ,” ಅಂದ.

ಡ್ರೈವರು ಕೊನೆಗೂ ಮನೆಯೊಳಗೆ ಬಂದರು. ಎರಡು ಕೋಣೆ ನೋಡಿದರು, ಅಡುಗೆಮನೆ ನೋಡಿದರು, ಹಿಂದಿನ ಬಾಗಿಲಿನ ಚಿಲಕ ಎರಡು ಸಲ ತೆಗೆದು ಹಾಕಿದರು. ಗಂಟಲು ಸರಿಮಾಡಿಕೊಂಡು ಟೀಚರಮ್ಮನ ಕಡೆ ತಿರುಗಿ, “ಮನೆ ಚೆನ್ನಾಗಿದೆ. ಬಾಡಿಗೆ ವಿಷಯ ಮಾತಾಡೋಣ್ವಾ?” ಅಂದರು.

“ಅದನ್ನೆಲ್ಲ ನಿಮ್ಮ ಮನೆಯವರ ಹತ್ರ ಮಾತಾಡಿ ಮುಗಿಸಿದೀನಿ,” ಅಂದರು ಟೀಚರಮ್ಮ, ಕೂದಲು ಒರೆಸಿಕೊಳ್ಳುತ್ತಾ. “ನೀವು ಮೊದಲು ಆ ಗಾಡಿ ತೆಗೀರಿ. ನಮ್ಮ ಹಾಲಿನವನು ಒಳಗೆ ಬರೋಕಾಗ್ತಿಲ್ಲ.”

ಟೈಲರಮ್ಮ ನಗುತ್ತಾ ಉತ್ತರದ ಕಿಟಕಿಯ ಎರಡೂ ರೆಕ್ಕೆ ತೆರೆದಳು. ಹೊರಗೆ ಅವಳ ಗಂಡ, ಇಡೀ ಓಣಿ ನೋಡುತ್ತಿದ್ದಂತೆ, ಗಾಡಿಯನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಗೋಡೆಗೆ ಎಲ್ಲೂ ತಾಗಿಸದೆ ಪೇಟೆಗೆ ಇಳಿಸಿದರು.